ಹಳೆಯ ಮೆಟಲ್ ಡಿಟೆಕ್ಟರ್‌ಗೆ ದೊಡ್ಡ ಕಾಯಿಲ್ ಹಾಕಿಸಿದರೆ ಚಿನ್ನ ಸಿಗುತ್ತದೆಯೇ?

ಸೆಕೆಂಡ್ ಹ್ಯಾಂಡ್ ಡಿಟೆಕ್ಟರ್ ಕೊಂಡು ಹೊಸ ಕಾಯಿಲ್ ಹಾಕಿಸಿದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲಗಳಲ್ಲಿ ಚಿನ್ನ ಸಿಗುತ್ತದೆಯೇ? ನಂಬಬೇಡಿ.

ನಿಜವೇನು?
ಕಾಯಿಲ್‌ನ ಕಾಂತಕ್ಷೇತ್ರಕ್ಕೆ ಯಾವ ಲೋಹ ಸಿಕ್ಕರೂ ಯಂತ್ರ ಬೀಪ್ ಎನ್ನುತ್ತದೆ. ಚಿನ್ನದ ಚೂರಿಗೂ ಮಾತ್ರೆಯ ಅಲ್ಯೂಮಿನಿಯಂ ಹಾಳೆಗೂ ಒಂದೇ ಬಗೆಯ ಸದ್ದು ಬರಬಹುದು. ದೊಡ್ಡ ಕಾಯಿಲ್ ಆಳಕ್ಕೆ ಹೋದರೂ ಸಣ್ಣ ಚೂರುಗಳನ್ನು ಬಿಟ್ಟುಬಿಡುತ್ತದೆ. ಕಬ್ಬಿಣಾಂಶದ ಮಣ್ಣು ಸುಳ್ಳು ಬೀಪ್ ಕೊಡಿಸುತ್ತದೆ. ರಾಯಚೂರಿನ ಹಟ್ಟಿ ಗಣಿಯಲ್ಲೇ ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ. ಅಂಥ ಸೂಕ್ಷ್ಮ ಕಣ ಈ ಯಂತ್ರಕ್ಕೆ ತಿಳಿಯದು.

ಏನು ಮಾಡಬೇಕು?
ದುಡ್ಡು ಕೊಡುವ ಮೊದಲು ಉಂಗುರ, ಮಾತ್ರೆಯ ಹಾಳೆ, ಮೊಳೆ ಇಟ್ಟು ಪರೀಕ್ಷಿಸಿ. 'ಚಿನ್ನಕ್ಕೆ ಮಾತ್ರ ಬೀಪ್' ಎಂದರೆ ಅದು ಮೋಸ. ನೆಲದಲ್ಲಿ ನಿಧಿ ಸಿಕ್ಕರೆ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ.