ಮಿತವ್ಯಯದಲ್ಲಿ ಮನೆಯ ಸ್ಟೀರಿಯೋ ಸುಧಾರಣೆ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಕನ್ನಡಿಗರ ಮನೆಗಳಲ್ಲಿ ಮಲ್ಲಿಕಾರ್ಜುನ ಮನಸೂರರ (1910–1992) ಧ್ವನಿಮುದ್ರಿಕೆ ಕೇಳುವಾಗ ಹಿನ್ನೆಲೆಯ ತಂಬೂರಿ ಮಸುಕಾದರೆ, ಅದಕ್ಕೆ ಉಪಕರಣವೊಂದೇ ಕಾರಣವಲ್ಲ. ಎತ್ತರದ ಚಾವಣಿ, ಟೈಲ್ಸ್ ನೆಲ, ಬರಿಯ ಗೋಡೆಗಳಿಂದ ಮರಳುವ ಪ್ರತಿಫಲನವೂ ದೀರ್ಘ ಬೇಸಿಗೆಯುದ್ದಕ್ಕೂ ಮೊರೆಯುವ ಏಸಿಯೂ ಅದನ್ನು ಮುಚ್ಚಿಬಿಡುತ್ತವೆ.

ಆದುದರಿಂದ ಹೊಸ ಆಂಪ್ಲಿಫೈಯರ್ ಕೊಳ್ಳುವ ಮುನ್ನ ಕೋಣೆಯನ್ನು ಸರಿಪಡಿಸಬೇಕು. ಎರಡು ಸ್ಪೀಕರ್‌ಗಳೂ ಕೇಳುಗನೂ ಸಮಬಾಹು ತ್ರಿಭುಜದ ಮೂರು ಶೃಂಗಗಳಲ್ಲಿರಲಿ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಸ್ಪೀಕರ್‌ಗಳನ್ನು ಗೋಡೆಯಿಂದ 2–3 ಅಡಿ ಮುಂದಕ್ಕೆ ತಂದರೆ ಮಂದ್ರಸ್ವರಗಳ ಗುಂಯ್‌ಗುಡುವಿಕೆ ತಗ್ಗುತ್ತದೆ. ನಡುವೆ ಹಾಸಿದ ದಪ್ಪ ಜಮಖಾನೆ, ಪಕ್ಕದ ಪುಸ್ತಕದ ಕಪಾಟು ಪ್ರತಿಫಲನವನ್ನು ತಗ್ಗಿಸುತ್ತವೆ.

ಹಣ ವ್ಯಯಿಸುವುದಾದರೆ ಸ್ಪೀಕರ್‌ಗೆ ಆದ್ಯತೆ, ತಂತಿಗಲ್ಲ. ಸಾಮಾನ್ಯ ಕೋಣೆಗೆ 16 ಗೇಜ್ ತಾಮ್ರದ ತಂತಿ ಸಾಕು. ಕಡೆಗೆ, ಆಲಿಸುವಷ್ಟು ಹೊತ್ತು ಏಸಿಯನ್ನು ನಿಲ್ಲಿಸಿರಿ: ಇದಕ್ಕೆ ಖರ್ಚಿಲ್ಲ, ತಂಬೂರಿಯ ನಾದವೂ ತಿಳಿಯಾಗಿ ಕೇಳಿಬರುತ್ತದೆ.