ಖುರ್ಚಿ ಮತ್ತು ಕಪಾಟು

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿನ ಚುನಾವಣೆ ಮುಗಿದಾಗ ನಮ್ಮ ಯರಗುಪ್ಪಿಯ ಕಟ್ಟೆಯ ಮೇಲೆ ಒಂದೇ ಚರ್ಚೆ: ಇನ್ನು ಯಾರನ್ನು ಕಂಡು ಯಾರು ಎದ್ದು ನಿಲ್ಲಬೇಕು?

ಅದುವರೆಗೆ, 1959ರ ಕಾಯ್ದೆಯಂತೆ, ಜಿಲ್ಲಾ ಅಭಿವೃದ್ಧಿ ಕೌನ್ಸಿಲಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಶಾಸಕರು ಬರಿಯ ಸದಸ್ಯರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್‌ಸಾಬರು ತಂದ 1983ರ ಕಾಯ್ದೆ ಇದನ್ನು ತಿರುವಿ ಹಾಕಿತು. ಆರಿಸಿ ಬಂದ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐ.ಎ.ಎಸ್. ಮುಖ್ಯ ಕಾರ್ಯದರ್ಶಿ.

"ಸಾಹೇಬ್ರು ಈಗ ನಮ್ಮ ಮಂದಿಗೆ ನಮಸ್ಕಾರ ಮಾಡಬೇಕಾತು ನೋಡ್ರಿ" ಎಂದು ನಾನು ಹಿಗ್ಗಿದೆ. ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಹಿರಿಯರೊಬ್ಬರು, "ನಮಸ್ಕಾರ ಇರ್ಲಿ ತಮ್ಮಾ, ಫೈಲು ಯಾರ ಕಪಾಟಿನ್ಯಾಗ ಐತಿ ಅದನ್ನ ಕೇಳು" ಎಂದರು.

ಅವರ ಮಾತು ಸುಳ್ಳಾಗಲಿಲ್ಲ. ಅಧಿಕಾರಿಯ ವರ್ಗಾವಣೆ ಬೆಂಗಳೂರಿನ ಕೈಯಲ್ಲೇ ಉಳಿಯಿತು. ಜಿಲ್ಲೆಯಲ್ಲಿ ಇನ್ನೊಬ್ಬ ದೊರೆ ಹುಟ್ಟಿದನೆಂದು ಶಾಸಕರೂ ಮುನಿದರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ಬರಲಿಲ್ಲ. ಖುರ್ಚಿಗೆ ಆಡಳಿತಾಧಿಕಾರಿ ಬಂದರು. 1993ರ ಕಾಯ್ದೆ ಪರಿಷತ್ತನ್ನು ಪಂಚಾಯತಿ ಮಾಡಿತು, ಮುಖ್ಯ ಕಾರ್ಯದರ್ಶಿಯನ್ನು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಮಾಡಿತು. 2021ರಲ್ಲಿ ಅವಧಿ ಮುಗಿದಾಗಲೂ ಅದೇ ಆಟ.

ನಗು ಬರುತ್ತದೆ. ಆದರೆ ನಜೀರ್‌ಸಾಬರು ಊರೂರಿಗೆ ಬೋರು ಕೊರೆಸಿ 'ನೀರ್‌ಸಾಬ' ಎನಿಸಿಕೊಂಡಿದ್ದು ಸುಮ್ಮನೆ ಅಲ್ಲ. ನಮ್ಮ ಎರೆಸೀಮೆಯಲ್ಲಿ ನಲ್ಲಿ ಒಣಗಿದರೆ, ಆರಿಸಿ ಬಂದವನನ್ನು ಕಟ್ಟೆಯ ಮುಂದೆ ನಿಲ್ಲಿಸಿ ಬೈಯಬಹುದು. ಓಟು ಕೇಳಲು ಬಾರದ ಆಡಳಿತಾಧಿಕಾರಿಯನ್ನು ಕಾಣಲು ಧಾರವಾಡಕ್ಕೇ ಹೋಗಬೇಕು. ಹೋದರೆ, ಸಾಹೇಬರು ಮೀಟಿಂಗಿನಲ್ಲಿರುತ್ತಾರೆ.