ಡಬ್ಬಿ ನಮ್ಮದು, ಒಳಗಿನ ತಂತ್ರಾಂಶ ಯಾರದು?

ಆಳಂದದಲ್ಲಿ ನಾವು ಆಗಾಗ ಕೂಡುವ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅದರ ಮೂಲೆಯಲ್ಲೊಂದು ಗೊಬ್ಬರದ ಚೀಲ. ಚೀಲದ ತುಂಬ ಹಳೆಯ ವೈಫೈ ರೂಟರ್‌ಗಳು. ಒಂದೆರಡಕ್ಕೆ ಆಂಟೆನಾ ಮುರಿದಿದೆ, ಉಳಿದವಕ್ಕೆ ಏನೂ ಆಗಿಲ್ಲ. ಕರೆಂಟ್ ಕೊಟ್ಟರೆ ದೀಪ ಹತ್ತುತ್ತದೆ.

"ಮತ್ತ್ಯಾಕ ಬಿಸಾಕ್ಯಾರ ಅಣ್ಣಾ?" ಎಂದು ಕೇಳಿದೆವು.

"ಡಬ್ಬಿ ಚಲೋನೇ ಅದರಿ ಸರ. ಒಳಗಿನ ಸಾಫ್ಟ್‌ವೇರ್ ಹಳೇದಾಗ್ಯಾದ. ಕಂಪನಿಯವ್ರು ಹೊಸಾದು ಕೊಡಂಗಿಲ್ಲ. ಹೊಸ ಡಬ್ಬಿನೇ ತಗೋರಿ ಅಂತಾರ."

ನಮ್ಮ ಕಡೆ ಬಾವಿಯ ಮೋಟರ್ ಸುಟ್ಟರೆ ಯಾರೂ ಬಿಸಾಕುವುದಿಲ್ಲ. ಅಫಜಲಪುರಕ್ಕೋ ಜೇವರ್ಗಿಗೋ ಒಯ್ದು ವೈಂಡಿಂಗ್ ಮಾಡಿಸುತ್ತೇವೆ. ಮೋಟರ್ ನಮ್ಮದು, ಬಿಚ್ಚುವ ಹಕ್ಕೂ ನಮ್ಮದು. ರೂಟರ್‌ಗೆ ಈ ನ್ಯಾಯ ಯಾಕಿಲ್ಲ? ಇದೆ. ಆದರೆ ಅದನ್ನು ಕಂಪನಿಗಳು ತಾವಾಗಿ ಕೊಟ್ಟದ್ದಲ್ಲ, ಒಬ್ಬ ಕೇಳಿದ್ದಕ್ಕೆ ಸಿಕ್ಕಿದ್ದು. ಇಪ್ಪತ್ತು ವರ್ಷಕ್ಕೂ ಹಳೆಯ ಆ ಕತೆಯನ್ನು ಇವತ್ತು ಹೇಳುತ್ತೇವೆ.

ಡಬ್ಬಿಯೊಳಗಿನ ಕಂಪ್ಯೂಟರ್

ರೂಟರ್ ಎಂದರೆ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ, ಅಷ್ಟೆ. ಒಳಗೆ ಒಂದು ಚಿಪ್, ಸ್ವಲ್ಪ ಮೆಮೊರಿ. ಯಾವ ಫೋನಿಗೆ ನೆಟ್ ಕೊಡಬೇಕು, ಹೊರಗಿನಿಂದ ಬಂದದ್ದನ್ನು ಯಾರಿಗೆ ಮುಟ್ಟಿಸಬೇಕು, ಯಾರನ್ನು ಒಳಗೆ ಬಿಡಬಾರದು ಎಂದು ತೀರ್ಮಾನಿಸುವ ತಂತ್ರಾಂಶವನ್ನು ಆ ಮೆಮೊರಿಯಲ್ಲಿ ಬರೆದಿಟ್ಟಿರುತ್ತಾರೆ. ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಕಂಪನಿ ಬರೆದದ್ದನ್ನು ತೆಗೆದು ಬೇರೆಯವರು ಬರೆದ ಫರ್ಮ್‌ವೇರ್ ಹಾಕಿದರೆ ಅದೇ ಡಬ್ಬಿ ಬೇರೆ ರೀತಿ ಕೆಲಸ ಮಾಡುತ್ತದೆ.

2003: ಒಂದು ಪತ್ರ, ಒಂದು ಪ್ರಶ್ನೆ

2002ರ ಡಿಸೆಂಬರ್‌ನಲ್ಲಿ ಅಮೆರಿಕದ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್ ಮಾರುಕಟ್ಟೆಗೆ ತಂದಿತು. ನೀಲಿ-ಕಪ್ಪು ಬಣ್ಣ, ಎರಡು ಕೋಡಿನಂಥ ಆಂಟೆನಾ. ಮರುವರ್ಷ ಮಾರ್ಚ್‌ನಲ್ಲಿ ಸಿಸ್ಕೊ ಎಂಬ ದೊಡ್ಡ ಕಂಪನಿ ಲಿಂಕ್‌ಸಿಸ್ ಅನ್ನು ಸುಮಾರು 50 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು.

2003ರ ಜೂನ್‌ನಲ್ಲಿ ಆಂಡ್ರ್ಯೂ ಮಿಕ್ಲಾಸ್ ಎಂಬಾತ ಲಿನಕ್ಸ್ ತಂತ್ರಾಂಶ ಬರೆಯುವವರಿಗೆ ಒಂದು ಮಿಂಚಂಚೆ ಬರೆದ. ಈ ರೂಟರ್‌ನ ಒಳಗೆ ಇರುವುದು ಲಿನಕ್ಸ್, ಆದರೆ ಕಂಪನಿ ಅದರ ಮೂಲ ಬರಹವನ್ನು ಯಾರಿಗೂ ಕೊಟ್ಟಿಲ್ಲ ಎಂಬುದು ಅದರ ಸಾರ.

ಇದು ಯಾಕೆ ದೊಡ್ಡ ಮಾತು? ಲಿನಕ್ಸ್ ಅನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ಅದಕ್ಕೆ ಜಿಪಿಎಲ್ ಎಂಬ ಕರಾರು ಇದೆ. ನಮ್ಮ ಮನೆಗಳಲ್ಲಿ ಹೆಪ್ಪಿಗೆ ಮೊಸರು ಕೇಳುತ್ತೇವಲ್ಲ, ಹಾಗೆ. ಪಕ್ಕದ ಮನೆಯ ಹೆಪ್ಪಿನಿಂದ ಮೊಸರು ಮಾಡಿಕೊಂಡವರು, ನಾಳೆ ಇನ್ನೊಬ್ಬರು ಹೆಪ್ಪು ಕೇಳಿದರೆ ಇಲ್ಲ ಎನ್ನುವಂತಿಲ್ಲ. ಲಿನಕ್ಸ್ ಹಾಕಿದ ಡಬ್ಬಿ ಮಾರಿದವರು, ಆ ತಂತ್ರಾಂಶದ ಮೂಲ ಬರಹವನ್ನು ಕೊಂಡವರು ಕೇಳಿದಾಗ ಕೊಡಲೇಬೇಕು.

ಚಿಪ್ ಮಾಡಿದವರು ಒಬ್ಬರು, ಡಬ್ಬಿ ಜೋಡಿಸಿದವರು ಇನ್ನೊಬ್ಬರು, ಹೆಸರು ಹಚ್ಚಿ ಮಾರಿದವರು ಮತ್ತೊಬ್ಬರು. ಕರಾರು ಈ ಸರಪಳಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ಒತ್ತಡ ಹೆಚ್ಚಿದ ಮೇಲೆ, ಅದೇ ಬೇಸಿಗೆ ಮುಗಿಯುವಷ್ಟರಲ್ಲಿ ಕಂಪನಿ ಮೂಲ ಬರಹವನ್ನು ಹೊರಗಿಟ್ಟಿತು.

2004ರ ಜನವರಿಯಲ್ಲಿ ಆ ಬರಹವನ್ನೇ ಬುನಾದಿ ಮಾಡಿಕೊಂಡು ಕೆಲವು ಆಸಕ್ತರು ತಮ್ಮದೇ ಫರ್ಮ್‌ವೇರ್ ಶುರು ಮಾಡಿದರು. ಅದರ ಹೆಸರು ಓಪನ್‌ಡಬ್ಲ್ಯುಆರ್‌ಟಿ. ಹೆಸರಿನ ಕೊನೆಯ ಮೂರು ಅಕ್ಷರ ಬಂದದ್ದು ಅದೇ ಡಬ್ಬಿಯಿಂದ. ಅದರ ಹಿಂದೆಯೇ ಡಿಡಿ-ಡಬ್ಲ್ಯುಆರ್‌ಟಿ, ಟೊಮ್ಯಾಟೊ ಎಂಬ ಫರ್ಮ್‌ವೇರ್‌ಗಳೂ ಬಂದವು.

ಜಗಳ ಅಲ್ಲಿಗೇ ಮುಗಿಯಲಿಲ್ಲ. 2005ರ ಕೊನೆಗೆ ಬಂದ ಅದೇ ರೂಟರ್‌ನ ಹೊಸ ಆವೃತ್ತಿಯಲ್ಲಿ ಮೆಮೊರಿ ಅರ್ಧ ಮಾಡಿ, ಲಿನಕ್ಸ್ ತೆಗೆದು ಬೇರೆ ತಂತ್ರಾಂಶ ಹಾಕಿದರು. ಆದರೆ ಹಳೆಯದನ್ನೇ ಕೇಳುವವರು ಅಷ್ಟಿದ್ದರು, ಅದನ್ನು ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಹೆಸರಿನಲ್ಲಿ ಬೇರೆಯಾಗಿ ಮಾರಬೇಕಾಯಿತು. 2008ರ ಡಿಸೆಂಬರ್‌ನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದೇ ಕರಾರಿನ ವಿಷಯವಾಗಿ ಸಿಸ್ಕೊ ಮೇಲೆ ದಾವೆ ಹೂಡಿತು. 2009ರ ಮೇನಲ್ಲಿ ರಾಜಿಯಾಯಿತು.

ಗುಡ್ಡದ ಊರುಗಳಿಗೆ ಬಂದ ಡಬ್ಬಿ

ಅಮೆರಿಕದ ಈ ಜಗಳ ನಮ್ಮ ದೇಶದ ಹಳ್ಳಿಗೆ ಹೇಗೆ ಮುಟ್ಟಿತು? 2005ರ ಜನವರಿ 28ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, 2.4 ಗಿಗಾಹರ್ಟ್ಸ್ ತರಂಗವನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್‌ನಿಂದ ಮುಕ್ತ ಮಾಡಿತು. ನಮ್ಮ ಸಾಮಾನ್ಯ ವೈಫೈ ಓಡುವುದು ಇದೇ ತರಂಗದ ಮೇಲೆ. ಇನ್ನು ಮುಂದೆ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ ಇನ್ನೊಂದು ಮಾಳಿಗೆಗೆ ನೆಟ್ ದಾಟಿಸಬಹುದಿತ್ತು.

ಹಿಮಾಚಲದ ಧರ್ಮಶಾಲಾದಲ್ಲಿ ಆ ಮರುತಿಂಗಳೇ ಕೆಲಸ ಶುರುವಾಯಿತು. ಅಗ್ಗದ ಮನೆಬಳಕೆಯ ರೂಟರ್‌ಗಳಿಗೆ ಮುಕ್ತ ತಂತ್ರಾಂಶ ಹಾಕಿ, ಮಳೆ-ಬಿಸಿಲು ತಾಳುವ ಪೆಟ್ಟಿಗೆಯಲ್ಲಿಟ್ಟು, ಗುಡ್ಡದಿಂದ ಗುಡ್ಡಕ್ಕೆ ಜೋಡಿಸಿದರು. ಈ ಕೆಲಸವೇ ಮುಂದೆ ಏರ್‌ಜಲ್ದಿ ಎಂಬ ಸಂಸ್ಥೆಯಾಯಿತು.

ಕಂಪನಿಯ ಫರ್ಮ್‌ವೇರ್ ಇದ್ದಾಗ ಆ ಡಬ್ಬಿ ಒಂದು ಮನೆಗೆ ಮಾತ್ರ ನೆಟ್ ಕೊಡುತ್ತಿತ್ತು. ಫರ್ಮ್‌ವೇರ್ ಬದಲಾಯಿಸಿದ ಮೇಲೆ ಒಂದು ಡಬ್ಬಿ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ದಾಟಿಸುವುದನ್ನು ಕಲಿಯಿತು. ಒಂದು ದಾರಿ ಕಡಿದರೆ ಇನ್ನೊಂದು ದಾರಿ ತಾನೇ ಹುಡುಕಿಕೊಳ್ಳುತ್ತದೆ. ಇದಕ್ಕೆ ಮೆಶ್ ಜಾಲ ಎಂದು ಹೆಸರು.

ನಮ್ಮ ರಾಜ್ಯದಲ್ಲೂ ಇದರ ಉದಾಹರಣೆ ಇದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆ ಊರವರ ಜೊತೆ ಸೇರಿ ಮೆಶ್ ಜಾಲ ಕಟ್ಟುತ್ತ ಬಂದಿದೆ. ಓದು-ಬರಹ ಬಾರದವರೂ ಮಾತಿನಲ್ಲೇ ತಮ್ಮ ಕತೆ ಹೇಳಿ, ಕೇಳಿ, ಊರೊಳಗೇ ಹಂಚಿಕೊಳ್ಳಲಿ ಎಂಬುದು ಅವರ ಆಸೆ.

ಹೊರಗಿನ ಇಂಟರ್ನೆಟ್ ನಿಂತರೂ ಇಂಥ ಜಾಲ ಊರೊಳಗೆ ನಡೆಯುತ್ತದೆ, ಡಬ್ಬಿಗಳಿಗೆ ಬ್ಯಾಟರಿ ಇದ್ದರೆ ಸಾಕು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನೀರು ನುಗ್ಗಿದ್ದನ್ನು ಕಂಡ ನಮಗೆ ಈ ಮಾತಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ನಾವು ಮುಟ್ಟದಿದ್ದರೆ ಕಳ್ಳರು ಮುಟ್ಟುತ್ತಾರೆ

"ಚಲೋ ನಡದದ ಬಿಡ್ರಿ, ಯಾಕ ಕೈ ಹಾಕಬೇಕು?" ಎನ್ನುವವರಿದ್ದಾರೆ. ಅವರಿಗೆ 2017ರ ಜುಲೈ ತಿಂಗಳನ್ನು ನೆನಪಿಸುತ್ತೇವೆ. ಆಗ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಸುಮಾರು 2,000 ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ದುಷ್ಟ ತಂತ್ರಾಂಶದ ದಾಳಿಗೆ ಸಿಕ್ಕವು. ಡಬ್ಬಿಯ ಜೊತೆ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡ್ ಅನ್ನು ಅವುಗಳಲ್ಲಿ ಬದಲಿಸಿರಲಿಲ್ಲ. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ತಿಳಿಸಿತು. ಮರುವರ್ಷ ಮೇನಲ್ಲಿ ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು ದುಷ್ಟ ತಂತ್ರಾಂಶ ಬೆಳಕಿಗೆ ಬಂತು. ಅದು ಕನಿಷ್ಠ 54 ದೇಶಗಳಲ್ಲಿ 5 ಲಕ್ಷ ಸಾಧನಗಳನ್ನು ಹೊಕ್ಕಿತ್ತು.

ತಂತ್ರಾಂಶ ಎಂದ ಮೇಲೆ ಅದರಲ್ಲಿ ತೂತು ಸಿಗುತ್ತಲೇ ಇರುತ್ತವೆ. ಸಿಕ್ಕಾಗ ಮುಚ್ಚಬೇಕು. ಕಂಪನಿ ಕೆಲ ವರ್ಷ ಮುಚ್ಚಿ ಆಮೇಲೆ ಕೈಬಿಡುತ್ತದೆ. ಆಮೇಲೂ ಮುಚ್ಚುವವರು ಈ ಮುಕ್ತ ಫರ್ಮ್‌ವೇರ್ ಬರೆಯುವವರೇ.

ನಿಧಾನದ ನೆಟ್ಟಿಗೂ ಅವರಿಂದ ಉಪಕಾರವಾಗಿದೆ. ಮನೆಯಲ್ಲಿ ಒಬ್ಬರು ದೊಡ್ಡ ವಿಡಿಯೋ ಕಳಿಸುತ್ತಿದ್ದರೆ, ಇನ್ನೊಬ್ಬರ ಆನ್‌ಲೈನ್ ಪಾಠದ ಮಾತು ತುಂಡಾಗುತ್ತದೆ. ಕಲಬುರಗಿಯ ಎಪಿಎಂಸಿ ಮುಂದೆ ತೊಗರಿ ಸೀಜನ್ನಿನಲ್ಲಿ ನಿಲ್ಲುವ ಟ್ರ್ಯಾಕ್ಟರ್ ಸಾಲು ನೆನಪಿಸಿಕೊಳ್ಳಿ. ಒಬ್ಬ ವ್ಯಾಪಾರಿಯ ಐವತ್ತು ಗಾಡಿ ಮುಂದಿದ್ದರೆ ಎರಡೇ ಚೀಲ ತಂದ ರೈತ ಸಂಜೆವರೆಗೆ ಕಾಯಬೇಕು. ರೂಟರ್ ಒಳಗೂ ಹೀಗೆಯೇ ಸಾಲು ಬೆಳೆಯುತ್ತದೆ. ಜಿಮ್ ಗೆಟ್ಟಿಸ್ ಎಂಬ ಇಂಜಿನಿಯರ್ 2010ರಲ್ಲಿ ತಮ್ಮ ಮನೆಯ ನೆಟ್ಟಿನಲ್ಲೇ ಇದನ್ನು ಕಂಡು, ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಡೇವ್ ತಾತ್ ಮತ್ತು ಗೆಳೆಯರು ಓಪನ್‌ಡಬ್ಲ್ಯುಆರ್‌ಟಿ ಮೇಲೆಯೇ ಪ್ರಯೋಗ ಮಾಡಿ, ಸಣ್ಣವರ ಗಾಡಿಗೂ ನಡುನಡುವೆ ದಾರಿ ಬಿಡುವ ವಿಧಾನವನ್ನು ರೂಟರ್‌ಗೆ ತಂದರು. ಇದರಿಂದ ನೆಟ್ಟಿನ ವೇಗ ಹೆಚ್ಚುವುದಿಲ್ಲ. ಇರುವ ನೆಟ್ಟಿನಲ್ಲಿ ಎಲ್ಲರಿಗೂ ಪಾಳಿ ಸಿಗುತ್ತದೆ.

ನಾವು ಕೆಡಿಸಿದ ಡಬ್ಬಿ

2020ರ ಲಾಕ್‌ಡೌನ್‌ನಲ್ಲಿ, ಮನೆಯಲ್ಲಿ ಕೂತೇ ವರದಿ ಕಳಿಸಬೇಕಾಗಿ ಬಂದಾಗ ನಾವೂ ಈ ಕೆಲಸಕ್ಕೆ ಕೈ ಹಾಕಿದೆವು. ಒಂದು ಹಳೆಯ ರೂಟರ್, ಒಂದು ಲ್ಯಾಪ್‌ಟಾಪ್, ಒಂದು ಕೇಬಲ್. ಮಾದರಿಯ ಹೆಸರು ನೋಡಿ ಫೈಲ್ ಇಳಿಸಿಕೊಂಡು ಹಾಕಿದೆವು. ದೀಪ ಒಮ್ಮೆ ಮಿಣುಕಿ ಸುಮ್ಮನಾಯಿತು. ಇಂಥ ಡಬ್ಬಿಗೆ ಇಟ್ಟಿಗೆಯಾಯಿತು ಎನ್ನುತ್ತಾರೆ.

ತಪ್ಪು ನಮ್ಮದೇ. ಡಬ್ಬಿಯ ತಳದ ಚೀಟಿಯಲ್ಲಿ ಮಾದರಿಯ ಹೆಸರಿನ ಪಕ್ಕ ಸಣ್ಣಕ್ಷರದಲ್ಲಿ ಆವೃತ್ತಿಯ ಸಂಖ್ಯೆಯೂ ಇರುತ್ತದೆ. ಹೆಸರು ಒಂದೇ ಇದ್ದರೂ ಆವೃತ್ತಿ ಬದಲಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ನಾವು ಬೇರೆ ಆವೃತ್ತಿಯ ಫೈಲ್ ಹಾಕಿದ್ದೆವು. ಆ ಪೆಟ್ಟಿನಿಂದ ಕಲಿತದ್ದು ಇಷ್ಟು:

ಮೊದಲು ಡಬ್ಬಿ ಯಾರದು ನೋಡಿ. ಫೈಬರ್ ಕಂಪನಿ ಬಾಡಿಗೆಗೆ ಅಥವಾ ಉಚಿತವಾಗಿ ಕೂಡಿಸಿದ ಡಬ್ಬಿ ಸಾಮಾನ್ಯವಾಗಿ ಅವರದೇ. ಪಂಚಾಯಿತಿಯಲ್ಲಿರುವುದು ಸರ್ಕಾರದ್ದು. ಅವುಗಳಿಗೆ ಕೈ ಹಚ್ಚಬಾರದು.

ಮಾದರಿ ಮತ್ತು ಆವೃತ್ತಿ ಎರಡೂ ಓಪನ್‌ಡಬ್ಲ್ಯುಆರ್‌ಟಿ ಪಟ್ಟಿಯಲ್ಲಿ ಇರಲೇಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಗೇ ಬಿಡಿ. 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್ ಇರುವ ಹಳೆಯ ಡಬ್ಬಿಗಳಿಗೆ ಹೊಸ ಆವೃತ್ತಿ ಹಿಡಿಸುವುದಿಲ್ಲ. ಅವುಗಳಿಗೆ ಕೊನೆಯದಾಗಿ ಸಿಕ್ಕ 19.07 ಸರಣಿ 2022ರಲ್ಲಿ ಮುಗಿಯಿತು.

ಕಂಪನಿಯ ಫರ್ಮ್‌ವೇರ್ ಮೇಲೆ ಮೊದಲ ಸಲ ಹಾಕುವ ಫೈಲ್ ಬೇರೆ, ಆಮೇಲೆ ನವೀಕರಣಕ್ಕೆ ಹಾಕುವ ಫೈಲ್ ಬೇರೆ. ಹೆಸರು ಎರಡು ಸಲ ಓದಿ. ಕಂಪನಿಯ ಮೂಲ ಫೈಲ್ ಅನ್ನೂ ಮೊದಲೇ ಇಳಿಸಿ ಇಟ್ಟುಕೊಳ್ಳಿ.

ವೈಫೈ ಮೂಲಕ ಮಾಡಬೇಡಿ, ಕೇಬಲ್ ಹಚ್ಚಿ. ಬರೆಯುವಾಗ ಕರೆಂಟ್ ಹೋದರೆ ಡಬ್ಬಿ ಸಾಯಬಹುದು. ನಮ್ಮ ಕಡೆಯ ಕರೆಂಟ್ ನಂಬಿ ಕೂಡಬೇಡಿ, ಇನ್ವರ್ಟರ್‌ಗೆ ಹಚ್ಚಿ ಕೆಲಸ ಮುಗಿಸಿ.

ಹಾಕಿದ ಮೇಲೆ ಮೊದಲು ಪಾಸ್‌ವರ್ಡ್ ಇಡಿ. ಸಾಮಾನ್ಯವಾಗಿ ಮೊದಲಿಗೆ ಪಾಸ್‌ವರ್ಡ್ ಇರುವುದಿಲ್ಲ, ವೈಫೈ ಕೂಡ ಆಫ್ ಆಗಿರುತ್ತದೆ. ಅದನ್ನು ಕಂಡು ಡಬ್ಬಿ ಕೆಟ್ಟಿತು ಎಂದು ಹೆದರಬೇಡಿ.

ದೇಶದ ಜಾಗದಲ್ಲಿ ಭಾರತ ಎಂದೇ ಆರಿಸಿ. ಶಕ್ತಿ ಹೆಚ್ಚಿಸಿ ಪಕ್ಕದ ಊರಿಗೂ ಸಿಗ್ನಲ್ ಮುಟ್ಟಿಸುತ್ತೇನೆ ಎಂಬ ಹಟ ಬೇಡ. ಲೈಸೆನ್ಸ್ ಬೇಡ ಎಂದ ಆ 2005ರ ಅಧಿಸೂಚನೆಯೇ ಶಕ್ತಿಗೆ ಮಿತಿಯನ್ನೂ ಹಾಕಿದೆ. ಅಮೆರಿಕದಲ್ಲಿ ಇಂಥದೇ ಶಕ್ತಿ ಮಿತಿಯ ನೆಪದಲ್ಲಿ ಬೇರೆ ಫರ್ಮ್‌ವೇರ್‌ಗೇ ಬಾಗಿಲು ಮುಚ್ಚುವ ಪ್ರಯತ್ನ ನಡೆದಿತ್ತು. 2016ರ ಆಗಸ್ಟ್‌ನಲ್ಲಿ ಟಿಪಿ-ಲಿಂಕ್ ಅಲ್ಲಿನ ನಿಯಂತ್ರಕರಿಗೆ 2 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಜೊತೆಗೆ, ಬೇರೆ ಫರ್ಮ್‌ವೇರ್‌ಗೆ ದಾರಿ ಬಿಡುವ ಬಗ್ಗೆ ಮುಕ್ತ ತಂತ್ರಾಂಶದವರ ಜೊತೆ ಕೆಲಸ ಮಾಡುವುದಾಗಿಯೂ ಒಪ್ಪಿತು. ನಿಯಮ ಮೀರುವವರು ಹೆಚ್ಚಿದರೆ ನಿಯಮದಂತೆ ನಡೆಯುವವರ ಬಾಗಿಲೂ ಮುಚ್ಚುತ್ತದೆ.

ಚೀಲದಿಂದ ಎರಡು ಡಬ್ಬಿ

ಬೇರೆಯವರ ಡಬ್ಬಿಗೆ ತಂತ್ರಾಂಶ ಬರೆಯುತ್ತ ಬಂದವರು, ಇಪ್ಪತ್ತು ವರ್ಷ ತುಂಬಿದ 2024ರಲ್ಲಿ ತಮ್ಮದೇ ಡಬ್ಬಿ ತಂದರು. ಅದರ ಹೆಸರು ಓಪನ್‌ಡಬ್ಲ್ಯುಆರ್‌ಟಿ ಒನ್. ಅದರಲ್ಲಿ ಎರಡು ಬೇರೆ ಬೇರೆ ಫ್ಲ್ಯಾಶ್ ಚಿಪ್ ಇವೆ. ಒಂದರಲ್ಲಿ ಬರೆದದ್ದು ಕೆಟ್ಟರೆ ಇನ್ನೊಂದರಿಂದ ಡಬ್ಬಿಯನ್ನು ಮತ್ತೆ ಎಬ್ಬಿಸಬಹುದು. ನಮ್ಮಂತೆ ಇಟ್ಟಿಗೆ ಮಾಡಿಕೊಂಡವರ ಕಷ್ಟ ಅವರಿಗೂ ಗೊತ್ತು.

ಅಷ್ಟು ದೂರ ಹೋಗುವ ಮೊದಲು ನಾವು ಅಂಗಡಿಯ ಆ ಚೀಲದಿಂದ ಎರಡು ಡಬ್ಬಿ ಕೇಳಿ ತಂದೆವು. ಈ ಸಲ ತಳದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆವು. ಒಂದಕ್ಕೆ ಮೆಮೊರಿ ಸಾಲಲಿಲ್ಲ, ವಾಪಸ್ ಕೊಟ್ಟೆವು. ಇನ್ನೊಂದು ಎದ್ದಿತು. ಈಗ ಅದು ನಮ್ಮ ಹಿಂದಿನ ಮನೆಯ ಕಪಾಟಿನ ಮೇಲಿದೆ. ಆ ಮನೆಯ ಹುಡುಗಿ ಪಿಯುಸಿ ಓದುತ್ತಾಳೆ, ಅವಳ ಅಣ್ಣ ಕ್ರಿಕೆಟ್ ನೋಡುತ್ತಾನೆ. ಇಬ್ಬರ ಜಗಳ ಕಡಿಮೆಯಾಗಿದೆ ಎಂದು ಅವರ ಅವ್ವ ಹೇಳಿದರು.

ಅಂಗಡಿಯಣ್ಣನಿಗೆ ಸುದ್ದಿ ಮುಟ್ಟಿಸಿದೆವು. ಆತ ಚೀಲವನ್ನು ಗುಜರಿಯವನಿಗೆ ಕೊಡುವುದು ಸದ್ಯಕ್ಕೆ ನಿಲ್ಲಿಸಿದ್ದಾನೆ. ಒಂದೊಂದೇ ಡಬ್ಬಿ ತಿರುವಿ ತಳದ ಚೀಟಿ ಓದುತ್ತಿದ್ದಾನೆ.